ಕಡತವೂ ತಾಳೆಯೂ: ನಗರ ಸೀಮೆಯ ಲೆಕ್ಕದ ಒಂದು ಚರಿತ್ರೆ

ಇಂದು ಕಚೇರಿಗಳಲ್ಲಿ ‘ಫೈಲು’ ಎಂಬ ಅರ್ಥದಲ್ಲಿ ಬಳಕೆಯಾಗುವ ‘ಕಡತ’ ಮೂಲತಃ ಒಂದು ನಿರ್ದಿಷ್ಟ ವಸ್ತುವಿನ ಹೆಸರು. ಉದ್ದನೆಯ ಹತ್ತಿಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಪುಟಗಳಾಗುವಂತೆ ಹಿಂದುಮುಂದಾಗಿ ಮಡಿಚಿ, ಆ ಕಪ್ಪು ಮೈಮೇಲೆ ಬಳಪದಿಂದ ಬರೆಯಲಾಗುತ್ತಿತ್ತು. 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ಮೈಸೂರು ಚರಿತ್ರೆಯಲ್ಲಿ ಮಾರ್ಕ್ ವಿಲ್ಕ್ಸ್ ಇದರ ಉದ್ದವನ್ನು 12ರಿಂದ 18 ಅಡಿ ಎಂದು ಹೇಳಿ, ಬರಹವನ್ನು ಅಳಿಸಿ ಮತ್ತೆ ಬರೆಯಬಹುದೆಂಬುದನ್ನೂ ಗುರುತಿಸಿದ್ದಾನೆ. ಕೆಳದಿ ಅರಸರ ಕಾಲದ ವ್ಯವಹಾರಗಳನ್ನು ತಿಳಿಸುವ ಇಂಥ ಕಡತಗಳು ಶೃಂಗೇರಿ ಮಠದಲ್ಲಿ ಉಳಿದುಬಂದಿವೆ.

ಆ ಅರಸರ ರಾಜಧಾನಿ ಬಿದನೂರು 1763ರಲ್ಲಿ ಹೈದರಾಲಿಯ ವಶವಾಗಿ ಹೈದರನಗರವೆಂದೂ ಮುಂದೆ ಬರಿಯ ನಗರವೆಂದೂ ಹೆಸರಾಯಿತು. ಅಲ್ಲಿಂದ ಆಳಿದ ಶಿವಪ್ಪ ನಾಯಕನ (1645–1660) ‘ಶಿಸ್ತು’, ಅಂದರೆ ಭೂಕಂದಾಯದ ನಿಗದಿ, ದೂರದ ಊರುಗಳಲ್ಲಿ ಬರೆದಿಟ್ಟ ಲೆಕ್ಕದ ಮೇಲೆಯೇ ನಿಂತಿತ್ತು. ಮೈಸೂರು ಗೆಜೆಟಿಯರಿನ ಕರ್ತೃ ಬಿ. ಎಲ್. ರೈಸ್ ದಾಖಲಿಸಿರುವಂತೆ, ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ನೆಲವನ್ನು ಹಲವು ವರ್ಷ ಅರಸನ ಖರ್ಚಿನಲ್ಲಿ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು ಇವುಗಳನ್ನು ಬರೆಸಿ, ಸರಾಸರಿ ತೆಗೆದು, ಹುಟ್ಟುವಳಿಯ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ಗೊತ್ತುಮಾಡಲಾಯಿತು.

ಮಲೆನಾಡಿನಲ್ಲಿ ಇದು ಸುಲಭದ ಕೆಲಸವಾಗಿರಲಿಲ್ಲ. ಮನೆಗಳು ಒಂದೆಡೆ ಗುಂಪಾಗಿರದೆ ಗದ್ದೆ, ಅಡಿಕೆ ತೋಟಗಳ ಅಂಚಿಗೆ ಚದುರಿದ್ದವು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಪಕ್ಕದ ಊರೂ ದೂರವಾಗುತ್ತಿತ್ತು. ಕೇಂದ್ರದ ಸಂಪರ್ಕವಿಲ್ಲದ ಆ ತಿಂಗಳುಗಳಲ್ಲಿಯೂ ಊರಿನ ಲೆಕ್ಕಿಗನಾದ ಶಾನುಭೋಗ ಬರೆಯುತ್ತಲೇ ಇರಬೇಕಾಗಿತ್ತು. ಮುಂದೆ ಮೈಸೂರು ಆಡಳಿತದಲ್ಲಿ ದಿನದ ವಸೂಲಿ ‘ಖಿರ್ದಿ’ ಎಂಬ ದಿನವಹಿಯಲ್ಲಿ ದಾಖಲಾಗುತ್ತಿತ್ತು, ರೈತನಿಗೆ ರಸೀದಿ ಸಿಗುತ್ತಿತ್ತು. ವರ್ಷಕ್ಕೊಮ್ಮೆ ನಡೆಯುವ ‘ಜಮಾಬಂದಿ’ಯಲ್ಲಿ ಗ್ರಾಮದ ಲೆಕ್ಕವನ್ನು ತಾಲೂಕು ಕಚೇರಿಯ ಲೆಕ್ಕದೊಡನೆ ತಾಳೆ ನೋಡಲಾಗುತ್ತಿತ್ತು. ಇಂದು ‘ಸಿಂಕ್’ ಎನ್ನುವ ಕ್ರಿಯೆಗೆ ‘ತಾಳೆ’ಗಿಂತ ಒಪ್ಪುವ ಕನ್ನಡ ಪದ ಇನ್ನೊಂದಿಲ್ಲ. ಬಳಪದ ಬರಹ ಅಳಿಯಬಲ್ಲದ್ದಾದುದರಿಂದ ಲೆಕ್ಕದ ಮೇಲಿನ ನಂಬಿಕೆ ಬರೆದ ಬಟ್ಟೆಯಿಂದ ಹುಟ್ಟುವಂತಿರಲಿಲ್ಲ. ಬೇರೆ ಬೇರೆ ಕೈಗಳಲ್ಲಿದ್ದ ಪ್ರತಿಗಳು ಒಂದನ್ನೊಂದು ಒಪ್ಪಿದಾಗಲೇ ಅದು ಹುಟ್ಟುತ್ತಿತ್ತು. ರೈತನ ರಸೀದಿ ಅವುಗಳಲ್ಲಿ ಅತ್ಯಂತ ಚಿಕ್ಕದಾದರೂ ಅವನ ಪಾಲಿಗೆ ಅದೊಂದೇ ಆಧಾರವಾಗಿತ್ತೆಂಬುದನ್ನು ಮರೆಯಬಾರದು.

ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯಿದೆಯಂತೆ 1963ರಲ್ಲಿ ಕೊನೆಗೊಂಡು ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಜಮೀನಿನ ದಾಖಲೆಗಳಾದ ಪಹಣಿಗಳನ್ನು ಗಣಕಕ್ಕೆ ಏರಿಸಿದ ಬಳಿಕ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿ, ಅಸಲು ಪ್ರತಿ ಊರಿನಿಂದ ತಾಲೂಕು ಕಚೇರಿಗೆ ಸರಿಯಿತು. ಹಾಗಿದ್ದರೂ ನೆಲವನ್ನು ನೋಡುವ ಕೆಲಸ ನೆಲದ ಮೇಲೆಯೇ ಆಗಬೇಕು. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಗ್ರಾಮದ ವಿವರವನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡು, ಸಿಗ್ನಲ್ಲಿಲ್ಲದ ತೋಟದಲ್ಲಿ ಚಿತ್ರ ತೆಗೆದು ಉಳಿಸಿಟ್ಟು, ನೆಟ್‌ವರ್ಕ್ ಸಿಗುವ ಕಡೆ ಬಂದು ಕಳುಹಿಸಲಾಗುತ್ತದೆ.