ಪಾತ್ರದ ಮುಖ, ನಟನ ಮುಖ: ಎಡೊ ಅಚ್ಚುಚಿತ್ರಗಳಿಂದ ನಮ್ಮ ಸೀಮೆಯ ರಂಗದ ಕಡೆಗೆ

ನನ್ನ ಪ್ರಶ್ನೆ ಒಂದೇ: ನಾಟಕ ಮುಗಿದ ಮೇಲೆ ನಟ ಎಲ್ಲಿ ಉಳೀತಾನೆ? ನಾವು ಓದೋ ನಾಟಕ ಚರಿತ್ರೆಗಳಲ್ಲಿ ಕೃತಿ ಇರುತ್ತೆ, ಕರ್ತೃ ಇರ್ತಾನೆ, ಅಚ್ಚಾದ ವರ್ಷ ಇರುತ್ತೆ. ಆಡಿದವರ ಮುಖ ಮಾತ್ರ ಸಿಗೋದು ಕಷ್ಟ.

ಜಪಾನಿನ ಕಬುಕಿ ಇದಕ್ಕೆ ಬೇರೆ ದಾರಿ ಹಿಡಿದಿತ್ತು. ಎಡೊ ನಗರದಲ್ಲಿ, ಅಂದರೆ ಇವತ್ತಿನ ಟೋಕಿಯೊದಲ್ಲಿ, ಚಿತ್ರಕಾರ ಬರೆದದ್ದನ್ನು ಮರ ಕೆತ್ತುವವನು ಕೆತ್ತಿ, ಅಚ್ಚೊತ್ತುವವನು ಬಣ್ಣಕ್ಕೊಂದು ಹಲಗೆಯಂತೆ ಒತ್ತಿ, ಪ್ರಕಾಶಕ ಅಗ್ಗದ ಬೆಲೆಗೆ ಮಾರುತ್ತಿದ್ದ. ಮೊದಲು ಮುಖಗಳೆಲ್ಲ ಒಂದೇ ಅಚ್ಚಿನಂತಿದ್ದವು; ನಟನನ್ನು ಗುರುತಿಸಬೇಕಾದರೆ ಉಡುಪಿನ ಮೇಲಿನ ಮನೆತನದ ಲಾಂಛನವನ್ನೇ ನೋಡಬೇಕಿತ್ತು. 18ನೇ ಶತಮಾನದ ಉತ್ತರಾರ್ಧದಲ್ಲಿ ಕಟ್ಸುಕಾವಾ ಶುನ್ಶೊ ಮುಂತಾದವರು ನಟನ ನಿಜವಾದ ಚಹರೆಯನ್ನೇ ತಂದರು. ಆಮೇಲೆ ಶರಾಕು. 1794-95ರಲ್ಲಿ ಸುಮಾರು ಹತ್ತೇ ತಿಂಗಳು ಕೆಲಸ ಮಾಡಿ, 140ಕ್ಕೂ ಹೆಚ್ಚು ಚಿತ್ರ ಕೊಟ್ಟು ಕಾಣೆಯಾದ ಮನುಷ್ಯ. ಒತಾನಿ ಒನಿಜಿ ಎಂಬ ನಟ ದುಷ್ಟ ಎಡೊಬೆಯಾಗಿ ಬೆರಳು ಚಾಚಿ ನಿಂತ ಚಿತ್ರವನ್ನು ನೀವೂ ನೋಡಿರಬಹುದು. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಅವನ ಸ್ತ್ರೀಪಾತ್ರಗಳು: ಹೆಣ್ಣಿನ ಮುಡಿ, ಹೆಣ್ಣಿನ ಉಡುಪು, ಒಳಗಿನಿಂದ ಇಣುಕೋ ಗಂಡಸಿನ ದವಡೆ. ಪಾತ್ರ, ನಟ ಇಬ್ಬರೂ ಒಂದೇ ಹಾಳೆಯಲ್ಲಿ! 1842ರ ಸುಧಾರಣೆಗಳಲ್ಲಿ ಸರ್ಕಾರ ನಟರ ಚಿತ್ರ ನಿಷೇಧಿಸಿದಾಗ ಚಿತ್ರಕಾರರು ಹೆಸರು ಬಿಟ್ಟು ಮುಖ ಮಾತ್ರ ಬರೆದರು. ಕೊಳ್ಳೋರಿಗೆ ಅಷ್ಟೇ ಸಾಕಿತ್ತು.

ಈಗ ನಮ್ಮ ಕಡೆ ಬನ್ನಿ. ಕಂಬದೂರು, ಕಲ್ಯಾಣದುರ್ಗ, ಹಿಂದೂಪುರ ಎಲ್ಲ ಕನ್ನಡ ತೆಲುಗು ಎರಡೂ ಬಾಯಲ್ಲಿರೋ ಸೀಮೆ. ಧರ್ಮವರದ ಹತ್ತಿರದ ನಿಮ್ಮಲಕುಂಟದಲ್ಲಿ ಇವತ್ತಿಗೂ ತೊಗಲುಗೊಂಬೆ ಮಾಡ್ತಾರೆ. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ರಂಧ್ರ ಕೊರೆದು, ಬಣ್ಣ ತುಂಬ್ತಾರೆ. ಇದೂ ನಾಟಕೀಯ ಪಾತ್ರದ ಚಿತ್ರವೇ. ಆದರೆ ರಾಮನ ಗೊಂಬೆಯಲ್ಲಿ ರಾಮನೇ ಇರ್ತಾನೆ; ಪರದೆಯ ಹಿಂದೆ ಕೂತು ಅವನಿಗೆ ದನಿ ಕೊಡುವವನ ಗುರುತು ಚರ್ಮದ ಮೇಲೆ ಎಲ್ಲೂ ಇಲ್ಲ. ಇದನ್ನು ಕೊರತೆ ಅಂತ ನಾನು ಹೇಳಲಾರೆ. ಆ ಕಲೆಯ ನಿಯಮವೇ ಹಾಗೆ.

ಬಳ್ಳಾರಿ ರಾಘವರ ವಿಷಯಕ್ಕೆ ಈ ಸಮಾಧಾನ ಒಗ್ಗೋದಿಲ್ಲ. 1880ರಲ್ಲಿ ನಮ್ಮ ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ ಹುಟ್ಟಿದವರು, ವೃತ್ತಿಯಿಂದ ವಕೀಲರು. ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ಸರಸ ವಿನೋದಿನಿ ಸಭೆ ಕಟ್ಟಿದ ನಾಟಕಕಾರರು. ರಾಘವರು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಅಂತ ಹಟ ಹಿಡಿದರು. ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರದ ಪತನದ ಮೇಲೆ ಬರೆದ ನಾಟಕದ ಪಠಾಣ್ ರುಸ್ತುಂ ಅವರ ಹೆಸರಾಂತ ಪಾತ್ರ. ಇಂಥವರ ಬಗ್ಗೆ ನಾವು ಓದೋದೆಲ್ಲ ಹೊಗಳಿಕೆಯೇ: ಅದ್ಭುತ, ಅಮೋಘ. ಕೈ ಹೇಗೆ ಎತ್ತಿದರು, ಕಣ್ಣು ಎಲ್ಲಿ ನಿಂತಿತು? ಒನಿಜಿಯ ಬೆರಳುಗಳ ಬಗ್ಗೆ ನಾವು ಚರ್ಚೆ ಮಾಡಬಹುದು, ರುಸ್ತುಂನ ಬೆರಳುಗಳ ಬಗ್ಗೆ ಆಗೋದಿಲ್ಲ.

ಕರಪತ್ರ, ವೇಷದ ಫೋಟೋ, ಕಂಪನಿಯ ಜಾಹೀರಾತು ಇವನ್ನೂ ನಾಟಕದ ಪಠ್ಯ ಅಂತಲೇ ಓದೋಣ ಅನ್ನೋದು ನನ್ನ ಸಲಹೆ. ರಾಘವರು 1936ರ ‘ದ್ರೌಪದಿ ಮಾನಸಂರಕ್ಷಣಂ’ ತೆಲುಗು ಚಿತ್ರದಲ್ಲಿ ದುರ್ಯೋಧನನಾದರು ನಿಜ. ಆದರೆ ಅದು ಕ್ಯಾಮೆರಾಕ್ಕೆ ಆಡಿದ್ದು. ಬಳ್ಳಾರಿಯ ಜನ ಕಂಡ ರುಸ್ತುಂ ಆ ರೀಲಿನಲ್ಲಿಲ್ಲ.