ಬಾಣಂತಿಯ ಅಂಜೂರ

ಗೋಕಾಕ ಎಂದೊಡನೆ ಕೆಲವರಿಗೆ ಜಲಪಾತ ನೆನಪಾಗುತ್ತದೆ. ನಮ್ಮಂಥ ಹೆಂಗಸರಿಗೆ ಕರದಂಟು. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಅಂಜೂರ. ಬೆಲ್ಲ ಘಟಪ್ರಭೆಯ ನೀರುಂಡ ಕಬ್ಬಿನದು. ಅಂಜೂರ ಮಾತ್ರ ದೂರದಿಂದ ಬಂದ ಸೊಸೆ.

ಹೆಸರೇ ಪಾರಸಿಯ ‘ಅಂಜೀರ್’, ತವರು ಪಶ್ಚಿಮ ಏಷ್ಯ. ಜೋರ್ಡಾನ್ ಕಣಿವೆಯ ಗಿಲ್ಗಾಲ್‌ನಲ್ಲಿ ಸಿಕ್ಕ ಸುಟ್ಟು ಕರಿಯಾದ ಅಂಜೂರಗಳು ಸುಮಾರು 11,400 ವರ್ಷ ಹಳೆಯವೆಂದು 2006ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಬೀಜದಿಂದ ಹುಟ್ಟದ ಆ ತಳಿಯನ್ನು ಮನುಷ್ಯರೇ ಟೊಂಗೆ ನೆಟ್ಟು ಬೆಳೆಸಿರಬೇಕು ಎಂಬುದು ಅವರ ವಾದ. ಅದು ನಿಜವಾದರೆ ಗೋದಿಯ ಬೇಸಾಯಕ್ಕಿಂತಲೂ ಇದು ಹಿರಿಯದು.

ನಮ್ಮ ಹಳ್ಳದ ದಂಡೆಯ ಅತ್ತಿ ಇದರದೇ ಬಳಗ. ಎರಡರಲ್ಲೂ ಹೂವು ಕಾಯಿಯೊಳಗೇ ಅಡಗಿರುತ್ತದೆ. ಅದಕ್ಕೇ ಅಪರೂಪಕ್ಕೆ ಬಂದವರನ್ನು ನಮ್ಮ ಮರಾಠಿ ನೆರೆಯವರು ‘ಉಂಬರಾಚೇ ಫೂಲ್’, ಅಂದರೆ ಅತ್ತಿಯ ಹೂ, ಎನ್ನುತ್ತಾರೆ. ಅತ್ತಿಗೆ ಪುಟ್ಟ ಕಣಜ ಒಳಹೊಕ್ಕು ಪರಾಗ ತರಬೇಕು. ಪುಣೆ ತಳಿಯ ಅಂಜೂರಕ್ಕೆ ಅದೂ ಬೇಡ.

ಪುಣೆ ಜಿಲ್ಲೆಯ ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮಲ್ಲಿ ಬಳ್ಳಾರಿ ಅಂಜೂರಕ್ಕೆ ಹೆಸರಿದೆ. ಈ ಹಣ್ಣು ಹೆಚ್ಚಾಗಿ ಹಸಿಯಾಗಿಯೇ ಮಾರಾಟವಾಗುತ್ತದೆ. ಅಂಗಡಿಯ ಸರದಲ್ಲಿ ಪೋಣಿಸಿದ ಒಣ ಅಂಜೂರ ಬಹುಪಾಲು ಅಫ್ಘಾನಿಸ್ತಾನದ್ದು. ದುಬಾರಿ ಎನ್ನುವ ಕಾರಣಕ್ಕೇ ಮನೆಯಲ್ಲಿ ಅದಕ್ಕೆ ಲೆಕ್ಕ ಹತ್ತುತ್ತದೆ.

ಆ ಲೆಕ್ಕ ನಾನು ಕಣ್ಣಾರೆ ಕಂಡದ್ದು. ನಮ್ಮ ಓಣಿಯ ಮನೆಯೊಂದರಲ್ಲಿ ಗಂಡು ಹೆತ್ತ ಸೊಸೆಗೆ ಡಬ್ಬಿ ತುಂಬ ಅಂಟಿನುಂಡಿ, ಅಂಜೂರ. ಮರುವರ್ಷ ಹೆಣ್ಣು ಹೆತ್ತ ಕಿರಿಸೊಸೆಗೆ ಬರಿ ಬೆಲ್ಲ, ಕೊಬ್ಬರಿ. ‘ಹುಡುಗಿಗೆ ಅಷ್ಟೆಲ್ಲ ಯಾಕ?’ ಎಂದರು. ಹಾಲೂಡುವ ತಾಯಿಗೆ ಬೇಕಾದ ಸುಣ್ಣ, ಕಬ್ಬಿಣದ ಅಂಶ ಮಗು ಯಾವುದೆಂದು ಕೇಳುವುದಿಲ್ಲ. ಕೂಸು ಹುಡುಗಿಯೆಂದು ತಾಯಿಯ ರಕ್ತವೇನು ಕಡಿಮೆ ಹರಿದಿರುತ್ತದೆಯೇ?

ಆ ಮನೆಯ ಅಜ್ಜಿಗೆ ಎದುರು ಹೇಳಲಾಗದ ಕಿರಿಸೊಸೆ ಹಿತ್ತಲಲ್ಲಿ ಅಂಜೂರದ ಟೊಂಗೆ ನೆಟ್ಟಳು. ಗೋಕಾಕ, ಮೂಡಲಗಿಯ ಒಣ ಹವೆಗೆ ಅದು ಒಗ್ಗುತ್ತದೆ; ಹುಕ್ಕೇರಿಯಿಂದ ಪಡುವಣಕ್ಕೆ ಮಳೆ ಹೆಚ್ಚಿದಂತೆ ಎಲೆಗೆ ತುಕ್ಕುರೋಗ ಕಾಡುತ್ತದೆ. ಚಳಿದೇಶಗಳಲ್ಲಿ ಎಲೆಯುದುರಿ ಮಲಗುವ ಈ ಗಿಡಕ್ಕೆ ಗೋಣಿ, ಹುಲ್ಲು ಸುತ್ತಿ ಹಿಮದಿಂದ ಕಾಯುತ್ತಾರಂತೆ. ನಮ್ಮಲ್ಲಿ ಅಷ್ಟು ಪಾಡಿಲ್ಲ. ಬೆರಳು ದಪ್ಪದ ಟೊಂಗೆ, ನೀರು ನಿಲ್ಲದ ಮಣ್ಣು, ತುಂಬಾ ಬಿಸಿಲು, ವರ್ಷಕ್ಕೊಮ್ಮೆ ಚಾಟಣಿ. ಎರಡು ಮೂರು ವರ್ಷಕ್ಕೆ ಹಣ್ಣು.

ಈಗ ಆ ಗಿಡದ ಹಣ್ಣನ್ನು ಮೊದಲು ಕೀಳುವವಳು ಅದೇ ಹುಡುಗಿ.