ಹಯಾತಿಯ ಚೀಟಿ

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಅವ್ವನಿಗೆ ತಾನು ಬದುಕಿದ್ದೇನೆಂದು ಸರಕಾರಕ್ಕೆ ತೋರಿಸಿಕೊಡುವ ಕೆಲಸ. ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡಬೇಕಾದ ಈ ಪ್ರಮಾಣಪತ್ರಕ್ಕೆ ನಮ್ಮ ಗಡಿಭಾಗದವರು ಹಯಾತಿಯ ಚೀಟಿ ಎನ್ನುತ್ತಾರೆ. ಅವ್ವನಿಗೀಗ 88. ಇಳಕಲ್ಲ ಸೀರೆ ಉಟ್ಟು, ಪಾಸಬುಕ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, "ಇನ್ನೂ ಹಯಾತ ಅದೀನೋ ಇಲ್ಲೋ ನೋಡ್ಕೊಳ್ರಪಾ" ಎನ್ನುತ್ತ ಬ್ಯಾಂಕಿನ ಹುಡುಗನ ಮುಂದೆ ಕೂಡ್ರುತ್ತಾಳೆ. 2014ರಿಂದ ಬೆರಳಚ್ಚಿನ ಯಂತ್ರದಲ್ಲಿಯೇ ಇದನ್ನು ಮುಗಿಸುವ ವ್ಯವಸ್ಥೆ ಬಂದಿದೆ. ಆದರೆ ಎಪ್ಪತ್ತು ವರ್ಷ ರೊಟ್ಟಿ ಬಡಿದು, ಕೌದಿ ಹೊಲಿದು ಸವೆದ ಬೆರಳುಗಳನ್ನು ಆ ಯಂತ್ರ ಸುಲಭಕ್ಕೆ ಒಪ್ಪುವುದಿಲ್ಲ. ಹೆಬ್ಬೆಟ್ಟು ಆಗದಿದ್ದರೆ ತೋರುಬೆರಳು, ಅದೂ ಆಗದಿದ್ದರೆ ಎಡಗೈ. ಕೊನೆಗೊಮ್ಮೆ ಹಸಿರು ದೀಪ ಹತ್ತಿದಾಗ ಅವ್ವ ನನ್ನ ಕಡೆ ತಿರುಗಿ ನೋಡುವ ನೋಟದಲ್ಲಿ ಪರೀಕ್ಷೆ ಪಾಸಾದ ಹುಡುಗಿಯ ಹಿಗ್ಗು ಇರುತ್ತದೆ.

ಅವ್ವನಿಗೆ ಬರುವುದು ಕುಟುಂಬ ಪಿಂಚಣಿ. ಗಂಡ ಸತ್ತ ಮೇಲೆ ಹೆಂಡತಿಗೆ ಬರುವ ಹಣ. ಇದು ಮೊದಲಿನಿಂದಲೂ ಇದ್ದದ್ದೇ ಎಂದು ನಾವು ತಿಳಿದಿರುತ್ತೇವೆ. ನಮ್ಮ ಮನೆಯಲ್ಲಿಯೇ ಅದು ಇಲ್ಲದ ಕಾಲವಿತ್ತು ಎಂಬುದು ನನಗೆ ಗೊತ್ತಾದದ್ದು ನಮ್ಮ ಆಯಿಯಿಂದ, ಅಂದರೆ ತಂದೆಯ ತಾಯಿಯಿಂದ.

ಅಜ್ಜ ರಾಯಬಾಗದ ಕಚೇರಿಯಲ್ಲಿ ಕಾರಕೂನ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ ಊರು. ಸುತ್ತಲಿನ ಅಥಣಿ, ಚಿಕ್ಕೋಡಿ ತಾಲೂಕುಗಳು ಇಂಗ್ರಜರ ಮುಂಬಯಿ ಪ್ರಾಂತದಲ್ಲಿದ್ದರೆ ಇದು ಮಾತ್ರ ಮಹಾರಾಜರ ಊರು. ಅಜ್ಜ ಮಾತಾಡುವುದು ಕನ್ನಡ, ಬರೆಯುವುದು ಮರಾಠಿ. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು, ಅಜ್ಜ ಮುಂಬಯಿ ಸರಕಾರದ ನೌಕರರಾದರು. 1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಚಂದಗಡವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು, ಅಜ್ಜ ಮೈಸೂರು ಸರಕಾರದವರಾದರು. "ಖುರ್ಚಿ ಅದ, ಮೇಜ ಅದ, ಮಸಿಕುಡಿಕಿ ಅದ, ಸರಕಾರ ಅಷ್ಟ ಮೂರು" ಎಂದು ಆಯಿ ನಗುತ್ತಿದ್ದಳು. ಹೀಗೆ ರಾಜ್ಯ ಬದಲಾದವರ ಪಗಾರ, ರಜೆ, ಪಿಂಚಣಿಗಳಿಗೆ ಧಕ್ಕೆ ಬರಬಾರದೆಂದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ 115ನೆಯ ಕಲಮು ಇತ್ತು. ಕೇಂದ್ರ ಸರಕಾರದ ಒಪ್ಪಿಗೆಯಿಲ್ಲದೆ ಅವರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ತಿದ್ದುವ ಹಾಗಿರಲಿಲ್ಲ. ಕಾನೂನು ಕಾರಕೂನನನ್ನು ಕಾಯ್ದಿತು. ಕಾರಕೂನನ ಹೆಂಡತಿಯ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅಜ್ಜ 1957ರಲ್ಲಿ, 55 ತುಂಬಿದಾಗ, ನಿವೃತ್ತರಾದರು. ನಾಲ್ಕು ವರ್ಷ ಪಿಂಚಣಿ ತಿಂದರು. 1961ರಲ್ಲಿ ತೀರಿಕೊಂಡರು. ಮರುತಿಂಗಳು ಖಜಾನೆಯಿಂದ ಏನೂ ಬರಲಿಲ್ಲ. ಆಯಿ ಅದನ್ನು ಅನ್ಯಾಯವೆಂದು ಹೇಳಿದ್ದನ್ನು ನಾನು ಕೇಳಲಿಲ್ಲ. ಅವರಿದ್ದಾಗ ಅವರ ರೊಕ್ಕ, ಅವರು ಹೋದರು, ರೊಕ್ಕವೂ ಹೋಯಿತು, ಅಷ್ಟೇ ಅವಳ ತಿಳಿವಳಿಕೆ. ಊರವರ ಹಳೆಯ ಸೀರೆ ತಂದು ಕೌದಿ ಹೊಲಿದಳು, ಬೇಸಗೆಯಲ್ಲಿ ಶಾವಿಗೆ ಹೊಸೆದಳು. ಅವಳ ಕೌದಿಯೊಂದು ಇಂದಿಗೂ ನನ್ನ ಟ್ರಂಕಿನಲ್ಲಿದೆ. ಅದರ ಒಂದು ಮೂಲೆಗೆ ಅಜ್ಜನ ಕಚೇರಿಯ ಕೋಟಿನ ಕರಿಯ ತುಂಡು ಹೊಲಿದಿದ್ದಾಳೆ.

ಕುಟುಂಬ ಪಿಂಚಣಿಯ ಯೋಜನೆ ಕೇಂದ್ರ ನೌಕರರಿಗೆ ಬಂದದ್ದು 1964ರ ಜನವರಿ 1ರಿಂದ. ಮೈಸೂರು ರಾಜ್ಯದ ನಿಯಮಗಳೂ ಅದೇ 1964ರವು. ಮೂರು ವರ್ಷ ತಡ. ಕೇಂದ್ರದಲ್ಲಿ ಅದನ್ನೂ ಪುಕ್ಕಟೆಯಾಗಿ ಕೊಟ್ಟಿರಲಿಲ್ಲ, ನೌಕರ ಎರಡು ತಿಂಗಳ ಪಗಾರದಷ್ಟು ಹಣ ಬಿಟ್ಟುಕೊಡಬೇಕಿತ್ತು. ಈ ವಂತಿಗೆ ರದ್ದಾದದ್ದು 1977ರಲ್ಲಿ. ಅಷ್ಟಾದರೂ ತಾರೀಖಿನ ಆಚೆ ಉಳಿದ ವಿಧವೆಯರು ಆಚೆಯೇ ಉಳಿದರು. 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪಿಂಚಣಿ ಸರಕಾರ ಮನಸ್ಸು ಬಂದರೆ ಕೊಡುವ ದಾನವಲ್ಲ, ದುಡಿದ ದುಡಿಮೆಗೆ ಸಲ್ಲಬೇಕಾದ ಹಕ್ಕು ಎಂದು ಹೇಳಿತು. ನಿವೃತ್ತಿಯ ತಾರೀಖು ಹಿಡಿದು ಒಬ್ಬರಿಗೆ ಬೆಣ್ಣೆ ಇನ್ನೊಬ್ಬರಿಗೆ ಸುಣ್ಣ ಹಂಚುವುದು ಸಮಾನತೆಗೆ ವಿರೋಧ ಎಂದಿತು. ಪಿಂಚಣಿದಾರರು ಆ ದಿನವನ್ನು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ. 1985ರಲ್ಲಿ ಪೂನಮಾಲ್ ಎಂಬ ಹೆಣ್ಣುಮಗಳ ಹೆಸರಿನ ಮೊಕದ್ದಮೆಯಲ್ಲಿ, 1964ರ ಯೋಜನೆಯಿಂದ ಹೊರಗುಳಿದಿದ್ದ ಕೇಂದ್ರ ನೌಕರರ ವಿಧವೆಯರಿಗೂ ಕುಟುಂಬ ಪಿಂಚಣಿ ದೊರೆಯಿತು. ನಮ್ಮ ಆಯಿ ರಾಜ್ಯದ ನೌಕರನ ಹೆಂಡತಿ. ಅದೂ ಅಲ್ಲದೆ 1979ರಲ್ಲಿಯೇ ತೀರಿಕೊಂಡಿದ್ದಳು.

ತಂದೆ ಸರಕಾರಿ ಶಾಲೆಯ ಮಾಸ್ತರರು. ಅಥಣಿ, ಚಿಕ್ಕೋಡಿ ಎಂದು ತಿರುಗಿ 1990ರಲ್ಲಿ 58ಕ್ಕೆ ನಿವೃತ್ತರಾದರು, 1996ರಲ್ಲಿ ಹೋದರು. ಈ ಸಲ ಹಣ ಬರುವುದಿತ್ತು. ಆದರೆ ಅವ್ವನಿಗೆ ಎರಡು ಹೆಸರು. ನಮ್ಮ ಕಡೆ ಲಗ್ನದಲ್ಲಿ ಅಕ್ಕಿಯ ಮೇಲೆ ಹೊಸ ಹೆಸರು ಬರೆದು ಸೊಸೆಯನ್ನು ಕರೆಯುವ ವಾಡಿಕೆ. ತಂದೆಯ ಸೇವಾ ಪುಸ್ತಕದಲ್ಲಿ ಇದ್ದದ್ದು ಅತ್ತೆಮನೆಯ ಹೆಸರು, ರೇಷನ್ ಕಾರ್ಡಿನಲ್ಲಿ ತವರಿನ ಹೆಸರು. ಇಬ್ಬರೂ ಒಬ್ಬಳೇ ಎಂದು ರುಜು ಮಾಡಲು ಏಳು ತಿಂಗಳು ಹಿಡಿಯಿತು. ಅಫಿಡವಿಟ್ಟು, ಪಂಚರ ಸಹಿ, ಬೆಳಗಾವಿಗೆ ಬಸ್ಸು, ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಕಾಗದ. ಆ ಏಳು ತಿಂಗಳು ಅವ್ವ ತನ್ನ ಬಳೆಗಳಲ್ಲಿ ಮನೆ ನಡೆಸಿದಳು. ಗಂಡನ ಸೇವಾ ಪುಸ್ತಕದಲ್ಲಿ ತಮ್ಮ ಹೆಸರು ಏನೆಂದಿದೆ ಎಂದು ನನ್ನ ಗೆಳತಿಯರಲ್ಲಿ ಎಷ್ಟು ಜನ ನೋಡಿದ್ದಾರೋ!

ಕುಟುಂಬ ಪಿಂಚಣಿ ಎಂದರೆ ಕೊನೆಯ ಮೂಲವೇತನದ ಶೇಕಡಾ 30. ಅದು ಇದ್ದಷ್ಟೇ ಇದ್ದರೆ ಹತ್ತು ವರ್ಷದಲ್ಲಿ ಕೈಗೆ ಹತ್ತುವುದಿಲ್ಲ. ಅದನ್ನು ಜೀವ ಹಿಡಿಸಿ ಇಟ್ಟಿರುವುದು ತುಟ್ಟಿಭತ್ತೆ. ಸಂತೆಯಲ್ಲಿ ನಾವು ದಿನವೂ ಆಡುವ 'ತುಟ್ಟಿ' ಎಂಬ ಮಾತು ಸರಕಾರಿ ಆದೇಶದಲ್ಲಿ ಹೀಗೆ ಬಂದು ಕುಳಿತದ್ದು ನನಗೆ ಯಾವಾಗಲೂ ಮೆಚ್ಚುಗೆ. ಕೈಗಾರಿಕಾ ಕೆಲಸಗಾರರ ಮನೆಯ ಸಾಮಾನುಗಳ ಬೆಲೆ ಸೂಚ್ಯಂಕ ನೋಡಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಗೆ, ಅದನ್ನು ಲೆಕ್ಕ ಹಾಕುತ್ತಾರೆ. ಆದರೆ ಕೆಲಸಕ್ಕೆ ಹೋಗುವವನ ಮನೆಯ ಖರ್ಚು ಬೇರೆ, ಮುದುಕಿಯ ಖರ್ಚು ಬೇರೆ. ಅವ್ವನ ಖರ್ಚಿನ ವಹಿ ನನ್ನ ಹತ್ತಿರ ಇದೆ. 1997ರ ಹಾಳೆಯಲ್ಲಿ ಮೊದಲು ಜೋಳ, ಆಮೇಲೆ ಸೇಂಗಾ ಎಣ್ಣೆ, ಎಲ್ಲಕ್ಕೂ ಕೆಳಗೆ 'ಔಷಧ' ಎಂದು ಒಂದು ಸಣ್ಣ ಸಾಲು. ಈಗಿನ ಹಾಳೆಯಲ್ಲಿ ಔಷಧವೇ ಮೊದಲು. ಅದರ ಕೆಳಗೆ ಕೊಲ್ಹಾಪುರದ ಕಣ್ಣಿನ ಡಾಕ್ಟರು, ಹೋಗಿಬರುವ ಗಾಡಿಯ ಬಾಡಿಗೆ. ಅಥಣಿ, ಕಾಗವಾಡದವರು ಹೀಗೆಯೇ ಮಿರಜಿಗೆ ಓಡಾಡುತ್ತಾರೆ. ಜೋಳ ಈಗ ಅರ್ಧ ಸಾಲು, ಅವ್ವ ತಿನ್ನುವುದೇ ಅರ್ಧ ರೊಟ್ಟಿ.

2024ರ ಆಗಸ್ಟಿನಿಂದ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿಯಾಗಿ ಕನಿಷ್ಠ ಪಿಂಚಣಿ 13,500 ರೂಪಾಯಿ ಆಯಿತು. ಅವ್ವ ಅಂದು ಓಣಿಗೆಲ್ಲ ಪೇಢೆ ಹಂಚಿದಳು.

ಓಣಿ ಎಂದರೆ ನಿಪ್ಪಾಣಿಯ ನಮ್ಮ ಓಣಿ. ಅದರ ಕೊನೆಗೆ ತಂಬಾಕಿನ ವಖಾರಿ. ಈ ಊರಿನ ಹೆಣ್ಣುಮಕ್ಕಳು ಬೀಡಿಯ ತಂಬಾಕು ಬಡಿದು, ಸೋಸಿ, ಧೂಳು ನುಂಗಿ ಬದುಕಿದವರು. 1980ರ ಸುಮಾರಿಗೆ ಸಂಘ ಕಟ್ಟಿ ಬೀದಿಗೆ ಇಳಿದರು. ಅವರ ಹೋರಾಟವನ್ನು ದೀಪಾ ಧನರಾಜ್ ಮತ್ತು ಯುಗಾಂತರ ಬಳಗದವರು 1982ರಲ್ಲಿ 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಮರಾಠಿ ಹೆಸರಿನ ಚಿತ್ರ ಮಾಡಿದರು. ನಮ್ಮ ಎದುರು ಮನೆಯಾಕೆ ಅದೇ ಪೀಳಿಗೆಯವಳು. ಭವಿಷ್ಯ ನಿಧಿಗೆ ಸೇರಿದ ಪಿಂಚಣಿ ಯೋಜನೆ 1995ರ ನವೆಂಬರದ್ದು, ಅದರ ಕನಿಷ್ಠ ಮೊತ್ತ 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದಾಯಿತು. ಅದಕ್ಕೆ ತುಟ್ಟಿಭತ್ತೆ ಇಲ್ಲ.

ತುಟ್ಟಿಭತ್ತೆ ನನ್ನ ಮಗಳಿಗೂ ಇರಲಿಕ್ಕಿಲ್ಲ. ಅವಳು ಕಾಗವಾಡ ತಾಲೂಕಿನ ಒಂದು ಸರಕಾರಿ ಶಾಲೆಯಲ್ಲಿ ಶಿಕ್ಷಕಿ. (ಕಾಗವಾಡ, ನಿಪ್ಪಾಣಿಗಳು ತಾಲೂಕುಗಳಾದದ್ದು 2018ರಲ್ಲಿ.) ನೌಕರಿಗೆ ಸೇರಿದ್ದು 2009ರಲ್ಲಿ. 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹೊಸ ಯೋಜನೆ. ಪಗಾರದಲ್ಲಿ ಶೇಕಡಾ 10 ಕಡಿತ, ಅದರೊಡನೆ ಸರಕಾರದ ಪಾಲು, ಎರಡೂ ಕೂಡಿ ಪೇಟೆಗೆ ಹೋಗುತ್ತದೆ. ನಿವೃತ್ತಿಯ ದಿನ ಗಂಟಿನಲ್ಲಿ ಕನಿಷ್ಠ ಶೇಕಡಾ 40 ಭಾಗದಿಂದ ವರ್ಷಾಶನ ಕೊಳ್ಳಬೇಕು. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರ ಹೂಡಿದಾಗ ಅವಳೂ ಶಾಲೆಗೆ ಹೋಗಲಿಲ್ಲ. ಅಂದೇ ಶೇಕಡಾ 17 ಮಧ್ಯಂತರ ಪರಿಹಾರ ಘೋಷಣೆಯಾಯಿತು, ಹಳೆಯ ಪಿಂಚಣಿ ಮಾತ್ರ ಸಮಿತಿಗೆ ಹೋಯಿತು. 2024ರ ಜನವರಿಯಲ್ಲಿ, 2006ರ ಏಪ್ರಿಲಿಗೆ ಮೊದಲೇ ನೇಮಕಾತಿಯ ಅಧಿಸೂಚನೆ ಹೊರಟಿದ್ದ ಸುಮಾರು 13 ಸಾವಿರ ನೌಕರರನ್ನು ಹಳೆಯದಕ್ಕೆ ತೆಗೆದುಕೊಂಡರು. ಮಗಳದು ಆ ತಾರೀಖಿನ ಆಚೆ.

"ನಿಮ್ಮಜ್ಜನ ತಾಯಿಯೂ ತಾರೀಖಿನ ಆಚೆಯವಳ ಇದ್ದಳು" ಎಂದೆ. ಅವಳಿಗೆ ನಗು ಬರಲಿಲ್ಲ.

ಹೋದ ನವೆಂಬರಿನಲ್ಲಿ ಅವ್ವನ ಜೊತೆ ಎದುರು ಮನೆಯಾಕೆಯನ್ನೂ ಕರೆದುಕೊಂಡು ಹೋಗಿದ್ದೆ. ಅವಳದೂ ಹಯಾತಿ ಆಗಬೇಕಿತ್ತು. ತಂಬಾಕು ಸೋಸಿದ ಆ ಬೆರಳುಗಳನ್ನು ಯಂತ್ರ ಅವ್ವನ ಬೆರಳಿಗಿಂತಲೂ ಹೆಚ್ಚು ಸತಾಯಿಸಿತು. ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಒತ್ತಿದಳು. ಆಗುವವರೆಗೆ ಅವ್ವ ಬೆಂಚು ಬಿಟ್ಟು ಏಳಲಿಲ್ಲ.

"ನಿನಗೆಷ್ಟ ಬರ್ತೈತಿ ತಂಗೀ?" ಎಂದು ಕೇಳಿದಳು.

"ಸಾವಿರ, ಅಕ್ಕಾರ."

"ತಿಂಗಳಿಗಿ?"

"ಹೂಂ, ತಿಂಗಳಿಗಿ."

ಅವ್ವ ತೆರೆದಿಟ್ಟಿದ್ದ ತನ್ನ ಪಾಸಬುಕ್ಕನ್ನು ಮಡಚಿ ಕರವಸ್ತ್ರದಲ್ಲಿ ಸುತ್ತಿದಳು. ಮನೆಗೆ ಬರುವಾಗ ರಿಕ್ಷಾದ ರೊಕ್ಕ ತಾನೇ ಕೊಟ್ಟಳು.